ಪಕ್ಕದ ಮನೆಯ ಸದ್ದಿಗೆ ಗಂಡಸರ ಉತ್ತರವೇನು?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳು. ಊರು ಬಿಟ್ಟು ಬಂದು ನಾಗಪುರದಲ್ಲಿ ಮನೆ ಮಾಡಿರುವ ನಮಗೆಲ್ಲ ಹಳೆಯ ಹಾಡೊಂದು ಕಿವಿಗೆ ಬಿದ್ದರೆ ಅದೇ ದೊಡ್ಡ ಸಮಾಧಾನ. ಆದರೆ ಈ ಸಲ ಅಕ್ಕನವರೊಬ್ಬರು ಬರೆದ ಪತ್ರ ನನ್ನನ್ನು ಎರಡು ದಿನ ಕಾಡಿತು. ಅವರು ಬರೆದದ್ದರ ಸಾರಾಂಶ ಇಷ್ಟು: ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ನೀವು ಯಾವಾಗ ಮಾತಾಡಿದರೂ ಬುದ್ಧಿಮಾತೆಲ್ಲ ನಮಗೇ. ಕತ್ತಲಾದ ಮೇಲೆ ಒಬ್ಬರೇ ಓಡಾಡಬೇಡಿ, ಸಹಾಯವಾಣಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಧೈರ್ಯವಾಗಿರಿ ಎನ್ನುತ್ತೀರಿ. ಹೊಡೆಯುವವರು ಗಂಡಸರು, ನೋಡುತ್ತಾ ನಿಲ್ಲುವವರೂ ಗಂಡಸರು. ಅವರಿಗೆ ಹೇಳುವುದು ಏನೂ ಇಲ್ಲವೇ?

ಇದೆ, ಅಕ್ಕ. ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತು. ಬಾಡಿಗೆ ಮನೆ. ನಮಗೂ ಪಕ್ಕದವರಿಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ವಾರದಲ್ಲಿ ಒಂದೆರಡು ರಾತ್ರಿ ಆಚೆಯಿಂದ ಏರಿದ ಗಂಡಸಿನ ದನಿ ಕೇಳುತ್ತಿತ್ತು. ಆಮೇಲೆ ಪಾತ್ರೆ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಆ 'ಏನೂ ಇಲ್ಲ'ದ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದು ಒಂದೇ ಕೆಲಸ, ನಮ್ಮ ಮನೆಯ ರೇಡಿಯೋ ಸದ್ದನ್ನು ಜೋರು ಮಾಡಿದ್ದು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಎದುರಾದ ಪಕ್ಕದ ಮನೆಯ ವಹಿನಿ (ನಮ್ಮ ಧಾರವಾಡದ ಕಡೆ ವೈನಿ ಅಂತೀವಲ್ಲ, ಅದೇ) ಮರಾಠಿಯಲ್ಲಿ ಮೆಲ್ಲಗೆ ಅಂದರು: "ನಿನ್ನೆ ನಿಮ್ಮ ರೇಡಿಯೋ ಜೋರಿತ್ತು, ಭಾವುಜಿ. ನೀವು ಮನೆಯಲ್ಲೇ ಇದ್ದೀರಿ ಅಂತ ಗೊತ್ತಾಯ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಉಂಡು ಮಲಗುವ ತನಕವೇ?

ಸುಮ್ಮನಿರಲು ನಮ್ಮ ಹತ್ತಿರ ಒಂದು ಗಾದೆ ಇದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಸರಿಸಮಾನರ ನಡುವಿನ ಸಣ್ಣ ಮುನಿಸಿಗೆ ಇದು ಸರಿಯಾದ ಮಾತೇ. ಆದರೆ ಒಬ್ಬರು ಸದಾ ಹೊಡೆಯುವವರು, ಇನ್ನೊಬ್ಬರು ಸದಾ ಹೆದರುವವರು ಆಗಿಬಿಟ್ಟರೆ ಅದಕ್ಕೆ ಜಗಳ ಅನ್ನುವುದಿಲ್ಲ. ಆ ಮನೆಗೆ ಹೊಂದುವ ಗಾದೆಯೂ ನಮ್ಮಲ್ಲೇ ಇದೆ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಮೊದಲನೆಯದನ್ನು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಎರಡನೆಯದನ್ನು ಮರೆತುಬಿಡುತ್ತೇವೆ.

ಕಾನೂನಿನ ಮಾತಿಗೆ ಬರೋಣ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಅದರ ಪ್ರಕಾರ ದೌರ್ಜನ್ಯವೆಂದರೆ ಹೊಡೆತ ಮಾತ್ರವಲ್ಲ. ಲೈಂಗಿಕ ಹಿಂಸೆ, ಹೀಯಾಳಿಸುವ ಮಾತು, ಬೆದರಿಕೆ, ಖರ್ಚಿಗೆ ಹಣ ಕೊಡದೆ ಸತಾಯಿಸುವುದು, ಅವಳ ಒಡವೆ ಅಥವಾ ದುಡಿಮೆಯ ಹಣವನ್ನು ಕಿತ್ತುಕೊಳ್ಳುವುದು, ಎಲ್ಲವೂ ಅದರಲ್ಲಿ ಬರುತ್ತವೆ. ಅಂದಮೇಲೆ ಇದು ನಾಲ್ಕು ಗೋಡೆಯ ಒಳಗಿನ ಖಾಸಗಿ ವಿಷಯವಾಗಿ ಉಳಿದಿಲ್ಲ.

ಅಂಕಿಗಳು ನಮ್ಮ ಕಡೆಗೇ ಬೆರಳು ತೋರಿಸುತ್ತವೆ

ಕನ್ನಡಿಗರು ಸಾಧುಗಳು, ಇದೆಲ್ಲ ಬೇರೆ ಕಡೆಯ ಕಥೆ ಎಂದುಕೊಳ್ಳುವವರು ಸ್ವಲ್ಪ ಈ ಲೆಕ್ಕ ನೋಡಿ. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರನ್ನು ಗಂಡನ ದೌರ್ಜನ್ಯದ ಬಗ್ಗೆ ಕೇಳಲಾಯಿತು. ಅನುಭವಿಸಿದ್ದೇವೆ ಎಂದವರು ಇಡೀ ದೇಶದಲ್ಲಿ ಶೇಕಡಾ 29.3. ನಾವು ಈಗ ಇರುವ ಮಹಾರಾಷ್ಟ್ರದಲ್ಲಿ 25.2. ನಾವು ಬಿಟ್ಟು ಬಂದ ಕರ್ನಾಟಕದಲ್ಲಿ 44.4. ದೇಶದಲ್ಲೇ ಇದು ಅತಿ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ 20.6 ಇತ್ತು.

ಇನ್ನೊಂದು ಪ್ರಶ್ನೆಯನ್ನೂ ಅದೇ ಸಮೀಕ್ಷೆ ಕೇಳಿತು. ಹೇಳದೆ ಹೊರಗೆ ಹೋದರೆ, ಅಡಿಗೆ ಸರಿ ಮಾಡದಿದ್ದರೆ, ಎದುರು ಮಾತಾಡಿದರೆ, ಅತ್ತೆ ಮಾವನಿಗೆ ಗೌರವ ಕೊಡದಿದ್ದರೆ, ಹೀಗೆ ಏಳು ಕಾರಣಗಳನ್ನು ಮುಂದಿಟ್ಟು, ಇವುಗಳಲ್ಲಿ ಒಂದಕ್ಕಾದರೂ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಕೇಳಿದರು. ಕರ್ನಾಟಕದ ಗಂಡಸರಲ್ಲಿ ಶೇಕಡಾ 81.9 ಮಂದಿ ಸರಿ ಎಂದರು. ಹೆಂಗಸರಲ್ಲೂ 76.9 ಮಂದಿ ಸರಿ ಎಂದರು. ಈ ಎರಡನೆಯ ಅಂಕಿಯನ್ನು ಹಿಡಿದು 'ನೋಡಿ, ಅವರೇ ಒಪ್ಪುತ್ತಾರೆ' ಎನ್ನುವುದು ಸುಲಭ. ಚಿಕ್ಕಂದಿನಿಂದ ಬೇರೆ ದಾರಿಯನ್ನೇ ಕಾಣದವರ ಒಪ್ಪಿಗೆ ಎಂಥ ಒಪ್ಪಿಗೆ, ನೀವೇ ಯೋಚಿಸಿ.

ಎಲ್ಲಕ್ಕೂ ಕುಡಿತವೇ ಕಾರಣ ಎನ್ನುವವರೂ ಇದ್ದಾರೆ. ಕುಡಿತ ಬೆಂಕಿಗೆ ಸೀಮೆಎಣ್ಣೆ ಸುರಿಯುತ್ತದೆ, ನಿಜ. ಗಂಡ ಪದೇ ಪದೇ ಕುಡಿದು ಅಮಲೇರಿಸಿಕೊಳ್ಳುವ ಮನೆಗಳಲ್ಲಿ ನೂರಕ್ಕೆ 70 ಹೆಂಗಸರು ಹಿಂಸೆ ಅನುಭವಿಸಿದ್ದಾರೆ. ಆದರೆ ಗಂಡ ಕುಡಿಯದ ಮನೆಗಳಲ್ಲೂ ನೂರಕ್ಕೆ 23 ಮಂದಿ ಅನುಭವಿಸಿದ್ದಾರೆ. ಕುಡಿದು ಬಂದವನು ದಾರಿಯಲ್ಲಿ ತನ್ನ ಸಾಹೇಬರಿಗೆ ಹೊಡೆಯುವುದಿಲ್ಲ. ಮನೆಗೆ ಬಂದೇ ಹೊಡೆಯುತ್ತಾನೆ. ಎಲ್ಲಿ ಹೊಡೆದರೆ ಕೇಳುವವರಿಲ್ಲ ಎಂಬ ಲೆಕ್ಕ ಅಮಲಿನಲ್ಲೂ ತಪ್ಪುವುದಿಲ್ಲ.

ಕೊನೆಯದಾಗಿ ಒಂದು ಅಂಕಿ. ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದವರು ಶೇಕಡಾ 14 ಮಾತ್ರ. 77 ಮಂದಿ ಯಾರಿಗೂ ಹೇಳಿಯೇ ಇಲ್ಲ. ಹಾಗಾಗಿ ಅವಳು ಬಂದು ಹೇಳಲಿ, ಆಮೇಲೆ ನೋಡೋಣ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ನಮ್ಮ ಸುತ್ತಮುತ್ತಲಿನ ಮೂರು ನೆನಪುಗಳು

ನಾಗಪುರದವರಿಗೆ ಈ ವಿಷಯ ಹೊಸದಲ್ಲ. ಮೊದಲನೆಯದು 1972ರ ಮಾತು. ಆಗ ಚಂದ್ರಪುರ ಜಿಲ್ಲೆಯಲ್ಲಿದ್ದ, ಈಗ ಗಡಚಿರೋಲಿಗೆ ಸೇರಿದ ದೇಸಾಯಿಗಂಜ್‌ನ ಪೊಲೀಸ್ ಠಾಣೆಯಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು ಎಂಬ ಮೊಕದ್ದಮೆ. ಕೆಳಗಿನ ನ್ಯಾಯಾಲಯ ಪೊಲೀಸರನ್ನು ಬಿಟ್ಟಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅವರಿಗೆ ಶಿಕ್ಷೆ ಕೊಟ್ಟಿತು. ಹೆದರಿ ಸುಮ್ಮನಾಗುವುದು ಒಪ್ಪಿಗೆಯಲ್ಲ ಎಂಬುದು ಪೀಠದ ನಿಲುವು. 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅವರನ್ನು ಬಿಡುಗಡೆ ಮಾಡಿತು. 1979ರ ಸೆಪ್ಟೆಂಬರಿನಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು ಈ ತೀರ್ಪನ್ನು ಪ್ರಶ್ನಿಸಿದರು. ಲೋತಿಕಾ ಸರ್ಕಾರ್, ವಸುಧಾ ಧಾಗಮವಾರ್, ಉಪೇಂದ್ರ ಬಕ್ಷಿ, ರಘುನಾಥ ಕೇಳ್ಕರ್. ಇಬ್ಬರು ಹೆಂಗಸರು, ಇಬ್ಬರು ಗಂಡಸರು. ಆ ಪತ್ರದ ನಂತರ ದೇಶದ ತುಂಬ ಮಹಿಳಾ ಸಂಘಟನೆಗಳು ಬೀದಿಗಿಳಿದವು, 1983ರಲ್ಲಿ ಕಾನೂನು ಬದಲಾಯಿತು. ಕೂಗು ಹೆಂಗಸರದು, ಆದರೆ ಅದಕ್ಕೆ ದನಿಗೂಡಿಸಿ ಸಹಿ ಹಾಕಿದ ಗಂಡಸರೂ ಇದ್ದರು ಎಂಬುದನ್ನು ನೆನಪಿಡೋಣ.

ಎರಡನೆಯದು ಕಸ್ತೂರಬಾ ನಗರ. 2004ರ ಆಗಸ್ಟ್ 13ರಂದು ನಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅಕ್ಕು ಯಾದವ್ ಎಂಬ ರೌಡಿಯನ್ನು ಗುಂಪೊಂದು ಕೊಂದುಹಾಕಿತು. ಗುಂಪಿನಲ್ಲಿ ಹೆಚ್ಚಿನವರು ಆ ಬಸ್ತಿಯ ಹೆಂಗಸರು. ವರ್ಷಗಟ್ಟಲೆ ಅವನು ಅತ್ಯಾಚಾರ, ಸುಲಿಗೆ, ಕೊಲೆ ನಡೆಸಿದರೂ ದೂರು ಕೇಳುವವರಿರಲಿಲ್ಲ ಎಂದು ಬಸ್ತಿಯವರು ಹೇಳಿದರು. 2014ರಲ್ಲಿ ಆರೋಪಿಗಳೆಲ್ಲ ಸಾಕ್ಷ್ಯದ ಕೊರತೆಯಿಂದ ಬಿಡುಗಡೆಯಾದರು. ಗುಂಪು ಸೇರಿ ಕೊಲ್ಲುವುದು ನ್ಯಾಯವಲ್ಲ, ಅದನ್ನು ನಾನು ಹೊಗಳುವುದಿಲ್ಲ. ಆದರೆ ಸುತ್ತಲಿನವರೆಲ್ಲ ಬಾಗಿಲು ಹಾಕಿಕೊಂಡು ಕೂತರೆ ಕೊನೆಗೆ ಏನಾಗಬಹುದು ಎಂಬುದಕ್ಕೆ ಅದು ಸಾಕ್ಷಿ.

ಮೂರನೆಯದು ಇನ್ನೂ ಹಸಿಯಾಗಿದೆ. 2020ರ ಫೆಬ್ರವರಿ 3ರಂದು ವರ್ಧಾ ಜಿಲ್ಲೆಯ ಹಿಂಗಣಘಾಟದಲ್ಲಿ ಕಾಲೇಜಿಗೆ ಹೊರಟಿದ್ದ ಯುವ ಉಪನ್ಯಾಸಕಿಯ ಮೇಲೆ, ಹಿಂದೆ ಬಿದ್ದು ಕಾಡುತ್ತಿದ್ದವನೊಬ್ಬ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ. ಆಕೆ ಫೆಬ್ರವರಿ 10ರಂದು ನಮ್ಮ ನಾಗಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಸರಿಯಾಗಿ ಎರಡು ವರ್ಷಕ್ಕೆ, 2022ರ ಫೆಬ್ರವರಿ 10ರಂದು, ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 'ಬೇಡ' ಎಂಬ ಎರಡಕ್ಷರವನ್ನು ಸಹಿಸಿಕೊಳ್ಳಲು ಕಲಿಯದ ಒಬ್ಬ ಗಂಡಸು, ಅಷ್ಟೇ. ಅದನ್ನು ಅವನಿಗೆ ಮನೆಯಲ್ಲೋ ಶಾಲೆಯಲ್ಲೋ ಆಟದ ಮೈದಾನದಲ್ಲೋ ಯಾರಾದರೂ ಕಲಿಸಬೇಕಿತ್ತಲ್ಲವೇ?

ಕಲಿಸಲು ಹೊರಟವರು

ಕಲಿಸಬಹುದು ಎಂದು ನಂಬಿ ಹೊರಟವರಿದ್ದಾರೆ. 1991ರಲ್ಲಿ ಮುಂಬಯಿಯ ಪತ್ರಕರ್ತ ಸಿ.ವೈ. ಗೋಪಿನಾಥ್ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಹಾಕಿದರು. ಹೆಂಡತಿಯರು ಹೊಡೆಸಿಕೊಳ್ಳಲು ಇರುವವರಲ್ಲ ಎಂದು ನಂಬುವ ಗಂಡಸರು ಬೇಕಾಗಿದ್ದಾರೆ ಎಂಬ ಅರ್ಥದ ಜಾಹೀರಾತು. 205 ಗಂಡಸರು ಉತ್ತರ ಬರೆದರು. ಅದರಿಂದ 1993ರಲ್ಲಿ 'ಮಾವಾ' ಎಂಬ ಸಂಸ್ಥೆ ಹುಟ್ಟಿತು. ದೌರ್ಜನ್ಯದ ವಿರುದ್ಧ ಗಂಡಸರೇ ಕಟ್ಟಿದ ಸಂಘ. ಹರೀಶ್ ಸದಾನಿ ಅದನ್ನು ಮುನ್ನಡೆಸಿದರು. ಕಾಲೇಜು ಹುಡುಗರನ್ನು ಗುಂಪು ಕೂರಿಸಿ ಮಾತಾಡಿಸುವುದು, ಬೀದಿ ನಾಟಕ, 'ಪುರುಷ ಸ್ಪಂದನ' ಎಂಬ ಮರಾಠಿ ವಾರ್ಷಿಕ, ಇವು ಅವರ ದಾರಿ. ಕೆನಡಾದಲ್ಲೂ ಅದೇ 1991ರಲ್ಲಿ ಗಂಡಸರು ಬಿಳಿ ರಿಬ್ಬನ್ ಧರಿಸುವ ಅಭಿಯಾನ ಆರಂಭಿಸಿದ್ದರು. ಎರಡು ವರ್ಷ ಹಿಂದೆ ಮಾಂಟ್ರಿಯಲ್‌ನಲ್ಲಿ ಒಬ್ಬ ಬಂದೂಕುಧಾರಿ 14 ಹೆಂಗಸರನ್ನು ಕೊಂದ ಸುದ್ದಿ ಅವರನ್ನು ಎಬ್ಬಿಸಿತ್ತು.

2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆಯ 'ಬೆಲ್ ಬಜಾವೋ' ಬಂತು. ನಿಮ್ಮಲ್ಲಿ ಹಲವರು ಟಿವಿಯಲ್ಲಿ ನೋಡಿರಬಹುದು. ಓಣಿಯಲ್ಲಿ ಕ್ರಿಕೆಟ್ ಆಡುತ್ತಿರುವ ಹುಡುಗರಿಗೆ ಒಂದು ಮನೆಯೊಳಗಿನ ಗಲಾಟೆ ಕೇಳುತ್ತದೆ. ಆಟ ನಿಲ್ಲಿಸಿ ಹೋಗಿ ಬೆಲ್ ಒತ್ತಿ ಚೆಂಡು ಕೇಳುತ್ತಾರೆ. ಚೆಂಡು ಅವರ ಕೈಯಲ್ಲೇ ಇದೆ! ಒಳಗಿದ್ದವನಿಗೆ ಅರ್ಥವಾಗುತ್ತದೆ: ಹೊರಗೆ ಕೇಳಿಸುತ್ತಿದೆ. ಈ ಅಭಿಯಾನದ ವಾಹನಗಳು ಕರ್ನಾಟಕ, ಮಹಾರಾಷ್ಟ್ರದ ಊರುಗಳಿಗೂ ಬಂದವು. ಅದೇ ಸುಮಾರಿಗೆ ಮುಂಬಯಿಯ ಪಾಲಿಕೆ ಶಾಲೆಗಳಲ್ಲಿ ಆರು, ಏಳನೇ ತರಗತಿಯ ಹುಡುಗ ಹುಡುಗಿಯರಿಗೆ ಸಮಾನತೆಯ ಪಾಠಗಳು ಆರಂಭವಾದವು. 2010ರಲ್ಲಿ 'ಪರಿವರ್ತನ್' ಕಾರ್ಯಕ್ರಮ ಕ್ರಿಕೆಟ್ ಕೋಚ್‌ಗಳನ್ನು ಹಿಡಿಯಿತು. ಅಪ್ಪನ ಮಾತು ಕೇಳದ ಹುಡುಗ ಕೋಚ್ ಮಾತು ಕೇಳುತ್ತಾನೆ ಎಂಬುದು ಅದರ ಲೆಕ್ಕಾಚಾರ. ಮುಂದೆ ಇದೇ ಯೋಚನೆ ನಮ್ಮ ವಿಜಯಪುರ, ಬಾಗಲಕೋಟೆಯ ಕಡೆಗೂ ಬಂತು. ಅಲ್ಲಿ ಕ್ರಿಕೆಟ್ ಬದಲು ಕಬಡ್ಡಿ.

ಇದು ಕೆಲಸ ಮಾಡುವುದು ಹೇಗೆ?

ಇವರೆಲ್ಲರ ದಾರಿಯಲ್ಲಿ ಕೆಲವು ಸಮಾನ ಅಂಶಗಳಿವೆ.

ಮೊದಲನೆಯದು, ಗಂಡಸರನ್ನು ಅಪರಾಧಿಗಳ ಹಾಗೆ ಕಟಕಟೆಯಲ್ಲಿ ನಿಲ್ಲಿಸದೆ, ಪಕ್ಕದಲ್ಲಿ ನಿಲ್ಲಬಲ್ಲವರು ಎಂದು ಕರೆಯುವುದು. ಹೊಡೆಯದವರೂ ಇದ್ದಾರೆ, ಆದರೆ ಅವರು ಮೌನವಾಗಿದ್ದಾರೆ. ಅಶ್ಲೀಲ ಮಾತಿಗೆ ಒಬ್ಬ ನಕ್ಕರೆ ಹತ್ತು ಜನ ನಗುತ್ತಾರೆ. ಆ ಹತ್ತರಲ್ಲಿ ಐವರಿಗೆ ಒಳಗೊಳಗೇ ಇರಿಸುಮುರಿಸು. ಉಳಿದವರಿಗೆಲ್ಲ ಇದು ಸರಿ ಕಾಣುತ್ತಿದೆ ಎಂದುಕೊಂಡು ಪ್ರತಿಯೊಬ್ಬನೂ ಸುಮ್ಮನಿರುತ್ತಾನೆ. ಒಬ್ಬ ಬಾಯಿಬಿಟ್ಟು 'ಸಾಕು ಬಿಡೋ ಮಾರಾಯ' ಅಂದರೆ ಉಳಿದ ನಾಲ್ವರಿಗೂ ದಾರಿ ಸಿಗುತ್ತದೆ.

ಎರಡನೆಯದು, ಒಂದು ದಿನದ ಭಾಷಣ ಸಾಲದು. ವಾರ ವಾರ, ತಿಂಗಳುಗಟ್ಟಲೆ, ಹುಡುಗರು ನಂಬುವ ದೊಡ್ಡವರೊಬ್ಬರ ಜೊತೆ ಮಾತುಕತೆ ನಡೆಯಬೇಕು. 'ಹುಡುಗನಾಗಿ ಅಳ್ತೀಯಾ', 'ಬಳೆ ತೊಟ್ಕೊಂಡು ಕೂತ್ಕೋ' ಎಂದು ಕೇಳುತ್ತಾ ಬೆಳೆದವನಿಗೆ ದುಃಖ, ಸೋಲು, ಅವಮಾನ ಎಲ್ಲವೂ ಸಿಟ್ಟಾಗಿಯೇ ಹೊರಬರುತ್ತವೆ. ಬೇರೆ ಮಾತು ಅವನಿಗೆ ಕಲಿಸಿಲ್ಲ.

ಮೂರನೆಯದು ಒಂದು ಎಚ್ಚರಿಕೆ. 'ನಮ್ಮ ಮನೆ ಹೆಣ್ಣುಮಕ್ಕಳನ್ನು ನಾವು ಕಾಯುತ್ತೇವೆ' ಎನ್ನುವುದು ಕೇಳಲು ಚೆನ್ನ. ಕಾವಲು ಹೆಚ್ಚಾದರೆ ಅದೇ ಬೇಲಿಯಾಗುತ್ತದೆ. ತಂಗಿಯ ಮೊಬೈಲ್ ತಪಾಸಣೆ ಮಾಡುವ ಅಣ್ಣ ಅವಳನ್ನು ರಕ್ಷಿಸುತ್ತಿಲ್ಲ. ಅವಳಿಗೆ ಏನು ಬೇಕು ಎಂದು ಕೇಳುವುದು ಮೊದಲ ಕೆಲಸ.

ಸದ್ದು ಕೇಳಿದಾಗ ಏನು ಮಾಡಬಹುದು?

ಬೆಲ್ ಒತ್ತಿ. ಸಕ್ಕರೆ ಕೇಳಿ, ಕರೆಂಟ್ ಹೋಗಿದೆಯಾ ಎಂದು ಕೇಳಿ, ಏನಾದರೂ ಕೇಳಿ. ಜಗಳದ ವಿಚಾರವನ್ನೇ ಎತ್ತಬೇಕಿಲ್ಲ. ಆ ಕ್ಷಣಕ್ಕೆ ಅದು ತಡೆದರೆ ಸಾಕು. ಸಾಧ್ಯವಾದರೆ ಒಬ್ಬರೇ ಹೋಗದೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಅವನ ಕೈಯಲ್ಲಿ ಆಯುಧವಿದ್ದರೆ, ಜೀವಕ್ಕೆ ಅಪಾಯ ಅನಿಸಿದರೆ ಬೆಲ್ ಬೇಡ, ಕೂಡಲೇ 112ಕ್ಕೆ ಫೋನ್ ಮಾಡಿ.

ಮರುದಿನ ಅವನಿಲ್ಲದ ಹೊತ್ತಿನಲ್ಲಿ, ಮನೆಯ ಹೆಂಗಸರ ಮೂಲಕ, ಅವಳನ್ನು ಕೇಳಿ: ನಮಗೆ ಕೇಳಿಸಿತು, ನಿಮಗೆ ಏನು ಮಾಡಿದರೆ ಅನುಕೂಲ? ಅವಳು ಈಗ ಬೇಡ ಅಂದರೆ ಒತ್ತಾಯ ಬೇಡ. ದೂರಿನ ಸುದ್ದಿ ತಿಳಿದು ಅವನು ಇನ್ನಷ್ಟು ಹೊಡೆಯಬಹುದು, ಆ ಲೆಕ್ಕ ಅವಳಿಗೇ ಚೆನ್ನಾಗಿ ಗೊತ್ತಿರುತ್ತದೆ. ಮಹಿಳಾ ಸಹಾಯವಾಣಿ 181, ಮಕ್ಕಳಿಗಾದರೆ 1098 ಎಂದು ತಿಳಿಸಿ. ನಾಗಪುರ ನಗರ ಪೊಲೀಸರು 2017ರಲ್ಲಿ ಆರಂಭಿಸಿದ 'ಭರೋಸಾ ಸೆಲ್'ನಲ್ಲಿ ಆಪ್ತಸಲಹೆ, ಕಾನೂನು ನೆರವು, ಪೊಲೀಸ್ ನೆರವು ಒಂದೇ ಕಡೆ ಸಿಗುವಂತೆ ಮಾಡಿದರು.

ಸಾಕ್ಷಿಯ ತಲೆನೋವು ಯಾರಿಗೆ ಬೇಕು ಎನ್ನುವವರಿಗೆ ಒಂದು ಮಾತು. 2005ರ ಕಾಯ್ದೆಯ 4ನೇ ಕಲಂ ಪ್ರಕಾರ ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ. ಅದೇ ಕಾಯ್ದೆಯಡಿ ನ್ಯಾಯಾಲಯ ಅವಳನ್ನು ಮನೆಯಿಂದ ಹೊರಹಾಕದಂತೆ ಆದೇಶಿಸಬಹುದು, ರಕ್ಷಣಾ ಆದೇಶ ಕೊಡಬಹುದು. ಆ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಿಂದೆ ಬಿದ್ದು ಕಾಡುವುದು 2013ರಿಂದಲೇ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ. ಸಿನಿಮಾದಲ್ಲಿ ನಾಯಕ ಅದನ್ನು ಪ್ರೀತಿ ಅನ್ನಬಹುದು. ಕಾನೂನು ಹಾಗೆ ಅನ್ನುವುದಿಲ್ಲ. ನಿಮ್ಮ ಮಗನಿಗೆ ಇದನ್ನು ಸಿನಿಮಾ ನೋಡಿ ಬರುವ ದಾರಿಯಲ್ಲೇ ಹೇಳಿ.

ಮನೆಯಿಂದಲೇ ಶುರು ಮಾಡೋಣ. ಊಟದ ತಟ್ಟೆಯನ್ನು ಮಗ ತೊಳೆಯಲಿ. ಹೆಂಡತಿ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕುವ ಅಭ್ಯಾಸ ನಾವು ಬಿಡೋಣ. ಸಿಟ್ಟು ಬಂದಾಗ ಅಪ್ಪ ಹೊರಗೆ ಒಂದು ಸುತ್ತು ಹೋಗಿ ಬಂದದ್ದನ್ನು, ತಪ್ಪಾಯಿತು ಎಂದದ್ದನ್ನು ಮಗ ನೋಡಲಿ.

ಈಗ ನನ್ನ ಕಥೆ ಮುಗಿಸುತ್ತೇನೆ. ಆ ಬೆಳಗಿನ ನಂತರ ಮತ್ತೊಂದು ರಾತ್ರಿ ಸದ್ದು ಬಂತು. ರೇಡಿಯೋ ಆರಿಸಿದೆ. ಕೈ ನಡುಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ನಾನೂ ನನ್ನ ಹೆಂಡತಿಯೂ ಒಂದು ಸಣ್ಣ ಬಟ್ಟಲು ಹಿಡಿದು ಹೋಗಿ ಬೆಲ್ ಒತ್ತಿದೆವು. ಬಾಗಿಲು ತೆರೆದವನಿಗೆ ನಾನು ಹೇಳಿದ್ದು, "ಹಾಲು ಹೆಪ್ಪು ಹಾಕಬೇಕು, ಒಂದು ಚಮಚ ಮೊಸರು ಇದ್ದರೆ ಕೊಡ್ತೀರಾ?" ರಾತ್ರಿ ಹತ್ತೂವರೆಗೆ! ಅವನು ನನ್ನನ್ನೇ ನೋಡಿದ. ನಾನು ಅಲ್ಲೇ ನಿಂತಿದ್ದೆ. ವಹಿನಿ ಒಳಗಿಂದ ಬಂದು ಬಟ್ಟಲು ತೆಗೆದುಕೊಂಡರು.

ಅದೊಂದರಿಂದ ಆ ಮನೆ ಸರಿಹೋಯಿತು ಎಂದು ನಾನು ಹೇಳಲಾರೆ. ಆಮೇಲೂ ಎರಡು ಸಲ ಬಟ್ಟಲು ಹಿಡಿದು ಹೋದೆವು. ಮೂರನೆಯ ಸಲದ ಮರುದಿನ ವಹಿನಿ ತಾವಾಗಿಯೇ ಬಂದು ನನ್ನ ಹೆಂಡತಿಯ ಹತ್ತಿರ 181ರ ಬಗ್ಗೆ ಕೇಳಿದರು. ಕೇಳಿದ ಮೇಲೆ ಅವರು ತೆಗೆದುಕೊಂಡ ತೀರ್ಮಾನ ಅವರದು, ಅದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ.

ರೇಡಿಯೋ ಕೇಳಿ, ಕೇಳುಗರೇ. ನಮ್ಮ ಹೊಟ್ಟೆಪಾಡೇ ಅದು. ಆದರೆ ಗೋಡೆಯಾಚೆ ಸದ್ದು ಬಂದ ದಿನ ದಯವಿಟ್ಟು ಅದನ್ನು ಸ್ವಲ್ಪ ಹೊತ್ತು ಆರಿಸಿ. ಹಾಡನ್ನು ಇನ್ನೊಮ್ಮೆ ಹಾಕಿದರಾಯಿತು.

ಈ ವಿಷಯದ ಬಗ್ಗೆ ಗಂಡಸರ ಪತ್ರಗಳಿಗೆ ಕಾಯುತ್ತಿರುತ್ತೇನೆ. ಹೆಸರು ಬೇಡವೆಂದರೆ ಹೇಳುವುದಿಲ್ಲ. ಮತ್ತೆ ಕಾರ್ಯಕ್ರಮದಲ್ಲಿ ಸಿಗೋಣ. ನಮಸ್ಕಾರ.